ನಂಜುಂಡ ಯಾರ ಕಡೆ ನಿಲ್ಲಬೇಕಿತ್ತು?

ಗುಂಪಿನ ಎಲ್ಲರಿಗೂ ನಮಸ್ಕಾರ.

ಟೊರಾಂಟೊದ ಸಹೋದರಿಯೊಬ್ಬರು ಎತ್ತಿದ ಪ್ರಶ್ನೆ ಇಷ್ಟು ಬಿಸಿಯಾಗುತ್ತದೆಂದು ಅವರೂ ಎಣಿಸಿರಲಿಕ್ಕಿಲ್ಲ. ಹೈಸ್ಕೂಲಿಗೆ ಹೋಗುವ ಅವರ ಮಗ ‘ರೆಕಾರ್ಡ್ ಆಫ್ ರಾಗ್ನರಾಕ್’ ಎಂಬ ಜಪಾನೀ ಆನಿಮೆ, ಅಂದರೆ ಆನಿಮೇಷನ್ ಸರಣಿ, ನೋಡುತ್ತಿದ್ದಾನೆ. ಅದರಲ್ಲಿ ಶಿವ ಅಖಾಡಕ್ಕಿಳಿದು ಒಬ್ಬ ಸುಮೋ ಮಲ್ಲನ ಜೊತೆ ಸೆಣಸುತ್ತಾನೆ, ಬುದ್ಧ ಮಿಠಾಯಿ ಚೀಪುತ್ತ ಓಡಾಡುತ್ತಾನೆ. ನೋಡಲು ಬಿಡಬೇಕೇ, ನಿಲ್ಲಿಸಬೇಕೇ ಎಂದು ಅವರು ಕೇಳಿದ್ದರು. ಕೂಡಲೇ ನಿಲ್ಲಿಸಿ ಎಂದವರು ಕೆಲವರು. ಕಾರ್ಟೂನಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಎಂದವರು ಇನ್ನು ಕೆಲವರು. ಅಷ್ಟರಲ್ಲಿ ಸರಣಿಯನ್ನು ನಿಷೇಧಿಸಿ ಎಂಬ ಪತ್ರಕ್ಕೆ ಸಹಿ ಹಾಕಿ ಎಂಬ ಮನವಿಯೂ ಬಂತು. ನಾನಿರುವುದು ಈ ಸರಣಿ ಹುಟ್ಟಿದ ನಾಡಿನಲ್ಲೇ, ಟೋಕಿಯೊದ ನಿಶಿಕಸಾಯಿಯಲ್ಲಿ. ಮಗನ ಜೊತೆ ಕುಳಿತು ಶಿವನ ಸುತ್ತನ್ನೂ ಬುದ್ಧನ ಸುತ್ತನ್ನೂ ಪೂರ್ತಿಯಾಗಿ ನೋಡಿದ್ದೇನೆ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ, ಆದ್ದರಿಂದ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ವಯಸ್ಸಿನ ಮಾತು. ಇದು ಚಿಕ್ಕ ಮಕ್ಕಳಿಗಾಗಿ ಮಾಡಿದ್ದಲ್ಲ. ಕೈ ಕತ್ತರಿಸುತ್ತದೆ, ತಲೆ ಉರುಳುತ್ತದೆ, ರಕ್ತ ಚಿಮ್ಮುತ್ತದೆ. ಪ್ರಾಥಮಿಕ ಶಾಲೆಯ ಮಗು ನೋಡುತ್ತಿದ್ದರೆ ನಿಲ್ಲಿಸಲು ದೇವರ ಕಾರಣವನ್ನು ಹುಡುಕಬೇಕಾಗಿಲ್ಲ. ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಮಗಳಿಗೆ ಇದು ಸಿಗುವುದಿಲ್ಲ, ಅದರ ಬಗ್ಗೆ ಚರ್ಚೆಯೂ ಇಲ್ಲ. ಹದಿನಾರರ ಮಗನ ವಿಷಯ ಬೇರೆ. ಅವನ ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗರು ಇದನ್ನು ಓದಿದ್ದಾರೆ ಇಲ್ಲವೇ ನೋಡಿದ್ದಾರೆ. ಅವನು ಮನೆಯಲ್ಲಿ ನೋಡದಿದ್ದರೆ ಬೇರೆಯವರ ಮೊಬೈಲಿನಲ್ಲಿ ನೋಡುತ್ತಾನೆ. ಆಗ ಕೇಳಲು ಪಕ್ಕದಲ್ಲಿ ನಾವಿರುವುದಿಲ್ಲ.

ನೋಡದವರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. ಇದು ಮೊದಲು ಮಾಂಗಾ, ಅಂದರೆ ಚಿತ್ರಕಥೆ. 2017ರ ಕೊನೆಯಲ್ಲಿ ಒಂದು ಮಾಸಪತ್ರಿಕೆಯಲ್ಲಿ ಆರಂಭವಾಯಿತು. ಆನಿಮೆಯಾಗಿ ನೆಟ್‌ಫ್ಲಿಕ್ಸ್‌ಗೆ ಬಂದದ್ದು 2021ರ ಜೂನ್‌ನಲ್ಲಿ. ಸಾವಿರ ವರ್ಷಗಳಿಗೊಮ್ಮೆ ಲೋಕದ ದೇವತೆಗಳೆಲ್ಲ ಸಭೆ ಸೇರಿ, ಮಾನವಕುಲವನ್ನು ಉಳಿಸಬೇಕೇ ಅಳಿಸಬೇಕೇ ಎಂದು ನಿರ್ಧರಿಸುತ್ತಾರೆ. ಈ ಸಲ ಅಳಿಸಿಬಿಡೋಣ ಎಂದು ತೀರ್ಮಾನವಾಗುತ್ತದೆ. ಆಗ ಬ್ರುನ್‌ಹಿಲ್ಡೆ ಎಂಬ ವಾಲ್ಕಿರಿ (ಉತ್ತರ ಯುರೋಪಿನ ಪುರಾಣದ ಯೋಧಕನ್ಯೆ) ಎದ್ದು ನಿಂತು, ಮನುಷ್ಯರಿಗೆ ಒಂದು ಅವಕಾಶ ಕೊಡಿ ಎನ್ನುತ್ತಾಳೆ. ದೇವತೆಗಳ ಕಡೆಯಿಂದ 13 ಮಂದಿ, ಮನುಷ್ಯರ ಕಡೆಯಿಂದ 13 ಮಂದಿ, ಒಬ್ಬರಿಗೊಬ್ಬರು. ಏಳು ಸುತ್ತು ಮೊದಲು ಗೆದ್ದವರದು ಮೇಲುಗೈ. ಸೋತವರಿಗೆ ಮರುಜನ್ಮವಿಲ್ಲ, ಸ್ವರ್ಗನರಕವೂ ಇಲ್ಲ, ಆತ್ಮವೇ ಪುಡಿಯಾಗಿ ಇಲ್ಲವಾಗುತ್ತದೆ. ಥಾರ್‌ನ ಎದುರು ಚೀನಾದ ವೀರ ಲ್ಯೂ ಬು, ಜ್ಯೂಸ್‌ನ ಎದುರು ಆದಿಮಾನವ ಆದಂ, ಪೊಸೈಡನ್‌ನ ಎದುರು ಜಪಾನಿನ ಕತ್ತಿಯಾಳು ಸಾಸಾಕಿ ಕೊಜಿರೊ, ಹೀಗೆ ಸಾಗುತ್ತದೆ. ಐದನೆಯ ಸುತ್ತಿನಲ್ಲಿ ಶಿವ ಬರುತ್ತಾನೆ.

ಶಿವನ ಎದುರಾಳಿ ರೈಡೆನ್ ತಮೆಎಮೊನ್. ಇವನು ಕಲ್ಪನೆಯವನಲ್ಲ. 1767ರಿಂದ 1825ರವರೆಗೆ ಬದುಕಿದ್ದ ಸುಮೋ ಮಲ್ಲ. 254 ಗೆಲುವು, 10 ಸೋಲು ಎಂಬ ಅವನ ದಾಖಲೆಯನ್ನು ಇಲ್ಲಿನ ಹುಡುಗರು ಬಾಯಿಪಾಠವಾಗಿ ಹೇಳುತ್ತಾರೆ.

ನಮ್ಮ ಗುಂಪಿನಲ್ಲಿ ಹಲವರು ಹಂಚಿಕೊಂಡ ಚಿತ್ರದಲ್ಲಿ ಶಿವನ ನೀಲಿ ಮೈ, ನಾಲ್ಕು ಕೈ, ತುಂಟ ನಗು ಇಷ್ಟೇ ಕಾಣುತ್ತದೆ. ಸುತ್ತನ್ನು ಪೂರ್ತಿ ನೋಡಿದರೆ ಅನಿಸುವುದು ಬೇರೆ. ಆ ಸರಣಿಯ ದೇವತೆಗಳಲ್ಲಿ ಬಹಳಷ್ಟು ಮಂದಿಗೆ ಮನುಷ್ಯನೆಂದರೆ ತಾತ್ಸಾರ. ಪೊಸೈಡನ್ ತನ್ನ ಎದುರಾಳಿಯ ಕಡೆ ಕಣ್ಣೆತ್ತಿ ನೋಡುವುದಕ್ಕೂ ಸಿದ್ಧನಿಲ್ಲ. ಶಿವ ಹಾಗಲ್ಲ, ರೈಡೆನ್‌ನ ಬಲವನ್ನು ಮೆಚ್ಚುತ್ತಾನೆ, ಹೊಡೆತ ತಿಂದು ನಗುತ್ತಾನೆ. ಕೈಗಳನ್ನು ಕಳೆದುಕೊಂಡ ಮೇಲೂ ಕುಣಿಯುತ್ತಾನೆ. ತಾಂಡವವನ್ನೇ ಯುದ್ಧದ ಪಟ್ಟಾಗಿ ಮಾಡಿದ್ದಾರೆ. ಲಯ ಏರಿದ ಹಾಗೆ ಮೈಗೆ ಬೆಂಕಿ ಹತ್ತುತ್ತದೆ, ಒಂದೊಂದು ಹೆಜ್ಜೆಯೂ ಒಂದೊಂದು ಏಟಾಗುತ್ತದೆ. ಆ ದೃಶ್ಯದಲ್ಲಿ ಮಗ ಚಿತ್ರವನ್ನು ನಿಲ್ಲಿಸಿ, “ಇದು ನಿಜವಾಗಿಯೂ ಇದೆಯೇ? ಕಾಲನ್ನು ಹೀಗೆ ಎತ್ತುವುದು?” ಎಂದು ಕೇಳಿದ. ಬಾದಾಮಿಯ ಒಂದನೆಯ ಗುಹೆಯ ಬಾಗಿಲಲ್ಲಿ ಕೆಂಪು ಕಲ್ಲಿನಲ್ಲಿ ಕಡೆದ ನಟರಾಜನ ಫೋಟೊ ತೆಗೆದು ತೋರಿಸಿದೆ. ಆರನೆಯ ಶತಮಾನದ ಚಾಲುಕ್ಯ ಶಿಲ್ಪಿ ಕೊಟ್ಟಿರುವುದು 18 ಕೈ. ಮಗ ಒಂದೊಂದಾಗಿ ಎಣಿಸಿದ. ಯಾವ ಕೈಯಲ್ಲಿ ಏನಿದೆ, ಯಾವ ಕೈ ಬರಿದಾಗಿದೆ, ಪಕ್ಕದಲ್ಲಿ ಗಣಪತಿ ಏಕೆ ನಿಂತಿದ್ದಾನೆ ಎಂದೆಲ್ಲ ಕೇಳುತ್ತ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಆ ಹೊತ್ತಿನಲ್ಲಿ ಆನಿಮೆ ಪಕ್ಕಕ್ಕೆ ಸರಿದಿತ್ತು. ನಾಲ್ಕು ಕೈಯ ಶಿವನನ್ನು ನೋಡಿರದಿದ್ದರೆ ಹದಿನೆಂಟು ಕೈಯ ಶಿವನನ್ನು ಅಷ್ಟು ಆಸೆಯಿಂದ ನೋಡುತ್ತಿದ್ದನೇ ಎಂಬುದು ನನಗೆ ಅನುಮಾನ.

ಹಾಗೆಂದು ತಪ್ಪುಗಳಿಲ್ಲವೇ? ಇವೆ, ಮತ್ತು ಮಕ್ಕಳಿಗೆ ಅವನ್ನು ಹೆಸರಿಟ್ಟು ಹೇಳಬೇಕು. ರುದ್ರ ಇಲ್ಲಿ ಶಿವನ ಬಾಲ್ಯದ ಗೆಳೆಯ, ಬೇರೆಯೇ ಒಬ್ಬ ವ್ಯಕ್ತಿ. ಇಬ್ಬರೂ ಸೇರಿ ಭಾರತದ 1116 ದೇವತೆಗಳನ್ನು ಸೋಲಿಸಿ ತುದಿಗೇರುತ್ತಾರೆ, ಕೊನೆಗೆ ತಾವಿಬ್ಬರೇ ಎದುರಾಗುತ್ತಾರೆ, ರುದ್ರ ದಾರಿ ಬಿಟ್ಟುಕೊಡುತ್ತಾನೆ. ಗೆಳೆತನದ ಕಥೆಯಾಗಿ ಅದು ಮನಸ್ಸಿಗೆ ತಟ್ಟುತ್ತದೆ. ಆದರೆ ಅಜ್ಜನ ಮನೆಯಲ್ಲಿ ರುದ್ರಾಭಿಷೇಕದ ಹೊತ್ತಿಗೆ ನಮಕ ಚಮಕ ಕೇಳಿ ಬೆಳೆದ ಮಗುವಿಗೆ, ಆ ಮಂತ್ರದಲ್ಲಿ ಕರೆಯುವ ರುದ್ರ ಯಾರು ಎಂಬುದು ಗೊಂದಲವಾಗಬಾರದು. ಪಾರ್ವತಿ, ಕಾಳಿ, ದುರ್ಗೆ ಇಲ್ಲಿ ಮೂವರು ಬೇರೆ ಬೇರೆ ಹೆಂಡತಿಯರು. ಗಂಡನ ಕುಸ್ತಿಗೆ ಹುರಿದುಂಬಿಸುವುದಷ್ಟೇ ಅವರ ಕೆಲಸ. ಇದು ನನಗೆ ನಿಜವಾಗಿ ನೋವು ಕೊಟ್ಟಿತು. ಮಹಿಷನನ್ನು ಕೊಂದವಳು ಯಾರು ಎಂಬುದು ಮೈಸೂರಿನ ಯಾವ ಮಗುವಿಗೂ ಗೊತ್ತು. ಗಂಡಸರಿಂದ ಆಗದ ಯುದ್ಧವನ್ನು ಗೆದ್ದ ದುರ್ಗೆಯನ್ನು ಯುದ್ಧದ ಕಥೆಯಲ್ಲೇ ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದ್ದಾರೆ. ಶಿವನ ನೀಲಿ ಬಣ್ಣದ ಬಗ್ಗೆ ಸಿಟ್ಟಾಗುವವರು ಇದರ ಬಗ್ಗೆ ಒಂದು ಮಾತನ್ನೂ ಆಡದಿರುವುದು ನನಗೆ ಸರಿಕಾಣಲಿಲ್ಲ.

“ಬೇರೆ ಧರ್ಮದವರ ವಿಷಯದಲ್ಲಿ ಹೀಗೆ ಮಾಡುವ ಧೈರ್ಯ ಅವರಿಗಿದೆಯೇ?” ಎಂದು ಡಲ್ಲಾಸ್‌ನ ಹಿರಿಯರೊಬ್ಬರು ಕೇಳಿದ್ದಾರೆ. ಹಿರಿಯರ ಮಾತಿನಲ್ಲಿ ಹುರುಳಿದೆ. ಏಸು ಈ ಸರಣಿಯ ಕಥೆಯಲ್ಲಿ ಕಾಣಿಸಿಕೊಂಡರೂ ಕಣಕ್ಕಿಳಿಯುವುದಿಲ್ಲ. ಆದಂನನ್ನು ಬಿಟ್ಟರೆ ಇಸ್ಲಾಮಿನ ಪೂಜ್ಯರಾರೂ ಹೋರಾಟಗಾರರ ಪಟ್ಟಿಯಲ್ಲಿಲ್ಲ. ಥಾರ್, ಜ್ಯೂಸ್, ಪೊಸೈಡನ್ ಇವರಿಗೆ ಮನೆಮನೆಯಲ್ಲಿ ದೀಪ ಹಚ್ಚುವವರು ಇಂದು ವಿರಳ. ಶಿವನಿಗೆ ಕೋಟ್ಯಂತರ ಮಂದಿ ಈ ಸೋಮವಾರವೂ ಹಚ್ಚಿದ್ದಾರೆ. ಈ ವ್ಯತ್ಯಾಸ ಬರೆದವರ ಲೆಕ್ಕಕ್ಕೆ ಬಂದಂತಿಲ್ಲ. ಆದರೆ “ನಮ್ಮನ್ನು ಮಾತ್ರ” ಎನ್ನುವುದು ಪೂರ್ತಿ ಸರಿಯಲ್ಲ. ಎರಡನೆಯ ಸುತ್ತಿನ ಆದಂ ಯೆಹೂದಿ, ಕ್ರೈಸ್ತ, ಮುಸ್ಲಿಂ ಮೂವರಿಗೂ ಮೂಲಪುರುಷ. ಮುಸ್ಲಿಮರಿಗೆ ಪ್ರವಾದಿ. ಅವನನ್ನು ಎಲೆಯಷ್ಟೇ ಉಡಿಸಿ ಜ್ಯೂಸ್‌ನ ಎದುರು ನಿಲ್ಲಿಸಿದ್ದಾರೆ. ಅವನು ತನ್ನ ಮಕ್ಕಳಾದ ಮನುಷ್ಯರಿಗಾಗಿ ಹೊಡೆದಾಡುತ್ತ ನಿಂತಲ್ಲೇ ಪ್ರಾಣ ಬಿಡುತ್ತಾನೆ. ನನ್ನ ಮಗನಿಗೆ ಇಡೀ ಸರಣಿಯಲ್ಲಿ ಅತ್ಯಂತ ಇಷ್ಟವಾದ ಸುತ್ತು ಅದು. ಜಪಾನೀಯರು ತಮ್ಮವರನ್ನೂ ಬಿಟ್ಟಿಲ್ಲ. ಶಿಂಟೊ ದೇವತೆ ಸುಸಾನೊಒ ಅಖಾಡದಲ್ಲಿದ್ದಾನೆ, ಇಲ್ಲಿನ ಜನ ಹೊಸವರ್ಷದಲ್ಲಿ ದರ್ಶನಕ್ಕೆ ಸುತ್ತುವ ಏಳು ಅದೃಷ್ಟದೇವತೆಗಳೂ ಇದ್ದಾರೆ.

ಪ್ರಾತಿನಿಧ್ಯದ ಮಾತು ಬಂದಾಗ ನಾವೆಲ್ಲ ದೇವತೆಗಳ ಪಟ್ಟಿಯನ್ನೇ ನೋಡುತ್ತೇವೆ. ಮನುಷ್ಯರ ಪಟ್ಟಿಯನ್ನೊಮ್ಮೆ ನೋಡಿ. ಬ್ರುನ್‌ಹಿಲ್ಡೆ ಆರಿಸಿದ 13 ಮಂದಿಯಲ್ಲಿ ನಾಲ್ವರು ಜಪಾನೀಯರು, ಇಬ್ಬರು ಚೀನೀಯರು, ಒಬ್ಬ ಆದಂ, ಉಳಿದ ಆರು ಮಂದಿ ಯುರೋಪ್ ಮತ್ತು ರಷ್ಯಾದವರು. ಲಂಡನ್ನಿನ ಕೊಲೆಗಡುಕ ಜ್ಯಾಕ್ ದ ರಿಪ್ಪರ್‌ಗೂ ಒಂದು ಸ್ಥಾನ ಸಿಕ್ಕಿದೆ. ಆಫ್ರಿಕಾದವರು ಒಬ್ಬರೂ ಇಲ್ಲ. ಹೆಣ್ಣು ಒಬ್ಬಳೂ ಇಲ್ಲ, ವಾಲ್ಕಿರಿಯರು ಆಯುಧವಾಗಿ ಬದಲಾಗಿ ಗಂಡಸರ ಕೈಸೇರುತ್ತಾರೆ. ಭಾರತದವರೂ ಇಲ್ಲ. ಮಾನವಕುಲವನ್ನು ಉಳಿಸಲು ಈ ದೊಡ್ಡ ದೇಶದಿಂದ ಒಬ್ಬ ಮನುಷ್ಯನೂ ಅವರಿಗೆ ನೆನಪಾಗಲಿಲ್ಲ. ನಮ್ಮವರೆಂದರೆ ದೇವರುಗಳು ಮಾತ್ರ. ನಾವು ಪರದೇಶದಲ್ಲಿ ಬೆಳೆಸುತ್ತಿರುವ ಮಕ್ಕಳಿಗೆ ಸುತ್ತಲಿನವರು ಕೇಳುವ ಪ್ರಶ್ನೆಗಳೂ ಹೀಗೆಯೇ ಇರುತ್ತವೆ ಅಲ್ಲವೇ? ನಿಮ್ಮ ದೇವರಿಗೆ ಎಷ್ಟು ಕೈ, ನೀವು ಹಸುವನ್ನು ಪೂಜಿಸುತ್ತೀರಾ ಎಂದು ಕೇಳುತ್ತಾರೆ. ನಿಮ್ಮಲ್ಲಿ ಯಾರು ಏನು ಕಟ್ಟಿದರು, ಯಾರು ಏನು ಬರೆದರು ಎಂದು ಕೇಳುವವರು ಅಪರೂಪ. ಶಿವನನ್ನು ತೋರಿಸಿದ್ದಕ್ಕಿಂತ ಭಾರತದ ಒಬ್ಬ ಮನುಷ್ಯನನ್ನೂ ತೋರಿಸದಿದ್ದುದು ನನ್ನನ್ನು ಹೆಚ್ಚು ಹೊತ್ತು ಕಾಡಿತು.

ಬುದ್ಧನೊಬ್ಬ ಇದ್ದಾನಲ್ಲ ಎನ್ನಬಹುದು. ಅವನ ಹೆಸರೂ ಮೊದಲು ದೇವತೆಗಳ ಪಟ್ಟಿಯಲ್ಲೇ ಇತ್ತು. ಆರನೆಯ ಸುತ್ತಿನಲ್ಲಿ ಅವನು ಎದ್ದುಬಂದು, ತಾನು ಮನುಷ್ಯರ ಪರ ನಿಲ್ಲುವೆ ಎಂದು ಎಲ್ಲರ ಮುಂದೆ ಹೇಳುತ್ತಾನೆ. ಕನ್ನಡಕ, ಮಿಠಾಯಿ, ಉಡಾಫೆಯ ಮಾತು ಇವನ್ನೆಲ್ಲ ದಾಟಿ ನೋಡಿದರೆ ಆ ಪಾತ್ರದ ತಿರುಳು ಕರುಣೆ. ಜಪಾನಿನಲ್ಲಿ ಬುದ್ಧನ ಜೊತೆ ಇಂಥ ಸಲುಗೆ ಹೊಸದಲ್ಲ. ಏಸು ಮತ್ತು ಬುದ್ಧ ಟೋಕಿಯೊದ ಪಶ್ಚಿಮ ಭಾಗದ ತಾಚಿಕಾವಾದಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿರುವ ಮಾಂಗಾ 2006ರಿಂದ ಬರುತ್ತಿದೆ, ಅದನ್ನು ಬೌದ್ಧರ ಮನೆಗಳಲ್ಲೇ ಓದುತ್ತಾರೆ.

ಬುದ್ಧನ ಎದುರಾಳಿ ಯಾರೆಂದು ತಿಳಿದರೆ ನಿಮಗೆ ಆಶ್ಚರ್ಯವಾದೀತು. ಆ ಏಳು ಅದೃಷ್ಟದೇವತೆಗಳು ಒಂದಾಗಿ ಝೆರೊಫುಕು ಎಂಬ ಒಬ್ಬನೇ ಆಗುತ್ತಾರೆ, ಅವನೇ ಎದುರಾಳಿ. ಈ ಏಳರಲ್ಲಿ ಬೆನ್‌ಝೈತೆನ್ ಎಂದರೆ ನಮ್ಮ ಸರಸ್ವತಿ. ಬಿಷಮೊನ್‌ತೆನ್ ಎಂದರೆ ವೈಶ್ರವಣ, ಅಂದರೆ ಕುಬೇರ. ಡೈಕೊಕುತೆನ್ ಎಂದರೆ ಮಹಾಕಾಲ, ಅಂದರೆ ಶಿವನೇ. ಬೌದ್ಧಧರ್ಮದ ಜೊತೆ ಚೀನಾ ಹಾದು ಇಲ್ಲಿಗೆ ಬಂದವನು. ಇಲ್ಲಿನ ಒಕುನಿನುಷಿ ಎಂಬ ದೇವತೆಯ ಜೊತೆ ಬೆರೆತು, ಹೆಗಲ ಮೇಲೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ನಗುವ ಅಡುಗೆಮನೆಯ ದೇವರಾಗಿದ್ದಾನೆ. ಅದೇ ಸುತ್ತಿನ ಕೊನೆಯಲ್ಲಿ ಬರುವ ಹಾಜುನ್ ಬೇರಾರೂ ಅಲ್ಲ, ಬೋಧಿವೃಕ್ಷದ ಕೆಳಗೆ ಸಿದ್ಧಾರ್ಥನನ್ನು ಕಾಡಿದ ಮಾರ. ಬುದ್ಧ, ಸರಸ್ವತಿ, ಕುಬೇರ, ಮಹಾಕಾಲ, ಮಾರ! ಇಡೀ ಆರನೆಯ ಸುತ್ತು ಜಪಾನಿನ ವೇಷ ತೊಟ್ಟ ಭಾರತದ ಕಥೆ. ಶಿವ ಈ ಸರಣಿಯಲ್ಲಿ ಎರಡು ಸಲ ಬಂದಿದ್ದಾನೆ, ಒಮ್ಮೆ ತನ್ನ ಹೆಸರಿನಲ್ಲಿ, ಇನ್ನೊಮ್ಮೆ ಆ ಏಳರಲ್ಲಿ ಒಬ್ಬನಾಗಿ. ಮಗನಿಗೆ ಇದನ್ನು ಹೇಳಿದ ಮರುದಿನ ಅವನು ಶಾಲೆಯಲ್ಲಿ ಗೆಳೆಯರಿಗೆ ಹೇಳಿದ್ದಾನೆ. ಅವರಾರಿಗೂ ಗೊತ್ತಿರಲಿಲ್ಲ. ಇಲ್ಲಿನ ಹುಡುಗರಿಗೆ ಶಿವನೆಂದರೆ ಒಂದು ವಿಡಿಯೊ ಗೇಮಿನಲ್ಲಿ ಬರುವ ಹಿಮದ ಹೆಂಗಸು. ‘ಫೈನಲ್ ಫ್ಯಾಂಟಸಿ’ ಎಂಬ ಆಟದಲ್ಲಿ 1990ರಿಂದ ಆ ಹೆಸರು ಹಾಗೆ ಬಳಕೆಯಲ್ಲಿದೆ. ಅಂಥವರ ನಡುವೆ ನನ್ನ ಮಗ ಆ ದಿನ ತಿಳಿದವನಾಗಿ ಮಾತಾಡಿದ. ಮನೆಗೆ ಬಂದಾಗ ಅವನ ಮುಖ ನೋಡಬೇಕಿತ್ತು.

ಮುಂದಿನ ಭಾನುವಾರ ಇಬ್ಬರು ಮಕ್ಕಳನ್ನೂ ಉಎನೊದ ಶಿನೊಬಾಝು ಕೊಳಕ್ಕೆ ಕರೆದುಕೊಂಡು ಹೋದೆ. ಬೇಸಿಗೆಯಲ್ಲಿ ಆ ಕೊಳ ನೀರೇ ಕಾಣದಷ್ಟು ತಾವರೆಯಿಂದ ತುಂಬಿರುತ್ತದೆ. ನಡುವಿನ ದ್ವೀಪದಲ್ಲಿ ಎಂಟು ಮೂಲೆಯ ಬೆನ್‌ತೆನ್ ಮಂದಿರ. ಒಳಗಿರುವುದು ಎಂಟು ಕೈಯ ಬೆನ್‌ಝೈತೆನ್. ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಮಂದಿರ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, 1958ರಲ್ಲಿ ಮತ್ತೆ ಎದ್ದುನಿಂತಿದೆ. ಅಂಗಳದಲ್ಲಿ ಬಿವಾ ಎಂಬ ತಂತಿವಾದ್ಯದ ದೊಡ್ಡ ಪ್ರತಿಮೆಯಿದೆ. ಮಗಳು ಅದನ್ನು ನೋಡಿದವಳೇ, “ಇದು ಸರಸ್ವತಿಯ ವೀಣೆ, ಸ್ವಲ್ಪ ಗಿಡ್ಡವಾಗಿದೆ” ಎಂದಳು. ಪಕ್ಕದಲ್ಲೇ ಡೈಕೊಕುತೆನ್‌ನ ಸಣ್ಣ ಗುಡಿ. ಪರೀಕ್ಷೆಗೆ ಓದುತ್ತಿರುವ ಜಪಾನೀ ಹುಡುಗಿಯೊಬ್ಬಳು ಸರಸ್ವತಿಗೆ ಕೈಮುಗಿದು, ನಾಣ್ಯ ಹಾಕಿ, ಹರಕೆಯ ಹಲಗೆಯ ಮೇಲೆ ಏನೋ ಬರೆದು ನೇತುಹಾಕಿದಳು. ನಮ್ಮ ಮಕ್ಕಳು ನವರಾತ್ರಿಯಲ್ಲಿ ಪುಸ್ತಕ ಪೂಜೆಗೆ ಇಡುವಾಗಿನ ಮುಖವೇ ಅವಳದ್ದೂ. ಟೋಕಿಯೊದಲ್ಲಿರುವವರು ಅಸಾಕುಸಾದ ಮತ್ಸುಚಿಯಾಮಾ ಶೋದೆನ್‌ಗೂ ಹೋಗಿಬನ್ನಿ. ಅಲ್ಲಿ ಗಣಪತಿಗೆ ಮೂಲಂಗಿ ನೈವೇದ್ಯ. ಕಲ್ಲಿನ ಮೇಲೂ ಮೂಲಂಗಿಯನ್ನು ಕೆತ್ತಿದ್ದಾರೆ. ದೇವರನ್ನು ಆಟಕ್ಕೂ ಎಳೆಯುವ, ಅದೇ ದೇವರಿಗೆ ಕೈಯನ್ನೂ ಮುಗಿಯುವ ಸಮಾಜ ಇದು. ಎರಡನ್ನೂ ನೋಡದೆ ಇವರನ್ನು ದೈವದ್ವೇಷಿಗಳು ಎನ್ನುವುದು ಅನ್ಯಾಯ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ನಾಲ್ಕು ಕೈಯೂ ಅಲ್ಲ, ಕುಣಿತವೂ ಅಲ್ಲ, ಮನುಷ್ಯನೊಬ್ಬನ ಕೈಯಲ್ಲಿ ಏಟು ತಿಂದದ್ದೂ ಅಲ್ಲ. ಶಿವನನ್ನು ನಿಲ್ಲಿಸಿದ ಕಡೆಯೇ ತಪ್ಪು. ಆ ಕಥೆಯಲ್ಲಿ ದೇವತೆಗಳ ಪರವಾಗಿ ಆಡುವುದೆಂದರೆ ಮಾನವಕುಲ ಅಳಿಯಲಿ ಎಂಬ ಪಕ್ಷದಲ್ಲಿ ಆಡುವುದು. ಶಿವನಿಗೆ ಮನುಷ್ಯರ ಮೇಲೆ ಹಗೆಯಿಲ್ಲ, ಹೋರಾಟದ ಖುಷಿಗೆ ಬಂದಿದ್ದಾನೆ ಎಂಬಂತೆ ತೋರಿಸಿದ್ದಾರೆ. ಆದರೂ ಅವನ ಗೆಲುವು ಮಾನವಕುಲವನ್ನು ಅಳಿವಿನ ಕಡೆಗೆ ಒಂದು ಹೆಜ್ಜೆ ತಳ್ಳುತ್ತದೆ. ನಮ್ಮ ಶಿವ ಯಾರು? ಸಮುದ್ರ ಕಡೆದಾಗ ಹಾಲಾಹಲ ಉಕ್ಕಿ ಲೋಕವೆಲ್ಲ ಸುಡುವಂತಾದಾಗ, ಯಾರೂ ಮುಟ್ಟದ ವಿಷವನ್ನು ಕುಡಿದು ಗಂಟಲಲ್ಲಿ ತಡೆದುಕೊಂಡವನು. ಕಪಿಲಾ ನದಿಯ ದಂಡೆಯಲ್ಲಿ, ನಂಜನಗೂಡಿನಲ್ಲಿ ಕುಳಿತಿರುವುದು ಅದೇ ನಂಜುಂಡ. ರೋಗರುಜಿನ ವಾಸಿಯಾಗಲೆಂದು ಜನ ಅಲ್ಲಿ ಹರಕೆ ಹೊರುತ್ತಾರೆ, ಉರುಳುಸೇವೆ ಮಾಡುತ್ತಾರೆ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಬಂದದ್ದು ಅಲ್ಲಿ ಎಂದೂ, ಸುಲ್ತಾನ ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂದೂ ಪ್ರತೀತಿ. ಒಬ್ಬ ಮುಸಲ್ಮಾನ ದೊರೆಗೂ ವೈದ್ಯನಾಗಿ ಕಂಡ ದೇವರು ಅವನು. ಲೋಕ ಉಳಿಯಲೆಂದು ವಿಷ ಕುಡಿದವನು ಲೋಕ ಅಳಿಯಲಿ ಎಂಬ ತಂಡದ ಅಂಗಿ ತೊಡುವುದು ಹೇಗೆ? ಬುದ್ಧನಿಗೆ ಕೊಟ್ಟ ಆ ತಿರುವನ್ನು, ಎದ್ದು ಮನುಷ್ಯರ ಕಡೆ ಬಂದು ನಿಲ್ಲುವ ಹಕ್ಕನ್ನು, ಶಿವನಿಗೂ ಕೊಡಬೇಕಿತ್ತು. ಕೊಟ್ಟಿದ್ದರೆ ಅವನನ್ನು ಬಲ್ಲವರು ಬರೆದ ಕಥೆ ಇದು ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಇದನ್ನು ಮಗನಿಗೆ ಹೇಳಿದಾಗ ಅವನು ಸುಮ್ಮನೆ ಒಪ್ಪಲಿಲ್ಲ. “ಶಿವ ಲಯಕರ್ತ ಅಲ್ಲವೇ, ಹಾಗಾದರೆ ಅಳಿಸುವ ಕಡೆ ಇರುವುದೇ ಸರಿಯಲ್ಲವೇ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಲಯವೆಂದರೆ ಮತಕ್ಕೆ ಹಾಕಿ ಕೊಲ್ಲುವ ತೀರ್ಪಲ್ಲ, ಕಾಲ ಬಂದಾಗ ಎಲ್ಲವೂ, ದೇವತೆಗಳೂ ಸೇರಿ, ಅವನಲ್ಲಿ ಅಡಗುವುದು ಎಂದೆ. ಅವನಿಗೆ ಇನ್ನೂ ಸಮಾಧಾನವಾಗಿಲ್ಲ. ರಜೆಗೆ ಊರಿಗೆ ಹೋದಾಗ ಅಜ್ಜನನ್ನು ಕೇಳುತ್ತೇನೆ ಎಂದಿದ್ದಾನೆ, ಕೇಳಲಿ. ನಾನು ದಿನವೂ ದೀಪ ಹಚ್ಚು ಎಂದಾಗ ಹುಟ್ಟದ ಪ್ರಶ್ನೆ ಇದು.

ದೇವರಿಗೂ ಮನುಷ್ಯನಿಗೂ ಕಾಳಗವೇ ಎಂದು ಹೌಹಾರುವವರು ನಮ್ಮ ಬಯಲಾಟಗಳನ್ನು ನೆನೆಯಬೇಕು. ಹೊನ್ನಾವರದ ಕಡೆ ಬೆಳೆದ ನಾನು ಚಿಕ್ಕಂದಿನಲ್ಲಿ ರಾತ್ರಿಯಿಡೀ ನೋಡಿದ್ದೇ ಇಂಥ ಕಾಳಗಗಳನ್ನು. ಕಿರಾತಾರ್ಜುನದಲ್ಲಿ ಬೇಡನ ವೇಷದ ಶಿವನೂ ಅರ್ಜುನನೂ ಒಂದು ಹಂದಿಗಾಗಿ ಜಗಳಕ್ಕಿಳಿದು, ಬಿಲ್ಲು ಹೋಗಿ ಮಲ್ಲಯುದ್ಧಕ್ಕೆ ಬರುತ್ತಾರೆ. ಹತ್ತನೆಯ ಶತಮಾನದಲ್ಲಿ ಪಂಪ ಬರೆದ, ಅನಂತರ ಕುಮಾರವ್ಯಾಸ ಬರೆದ, ಮೇಳಗಳು ಇಂದಿಗೂ ಆಡುತ್ತವೆ. ಕೃಷ್ಣಾರ್ಜುನ ಕಾಳಗದಲ್ಲಿ ಅರ್ಜುನ ತನ್ನ ಮೊರೆಹೊಕ್ಕ ಗಯನೆಂಬ ಗಂಧರ್ವನನ್ನು ಉಳಿಸಲು ಸಾಕ್ಷಾತ್ ಕೃಷ್ಣನ ಎದುರೇ ಬಿಲ್ಲು ಎತ್ತುತ್ತಾನೆ. ಅರ್ಥಧಾರಿಗಳು ಆ ಹೊತ್ತಿನಲ್ಲಿ ಕೃಷ್ಣನಿಗೆ ಕೇಳಿಸುವ ಚುಚ್ಚುಮಾತುಗಳ ಮುಂದೆ ಈ ಆನಿಮೆಯ ಮಾತುಗಳು ಸಪ್ಪೆ. ಹರಿಹರನ ರಗಳೆಯಲ್ಲಂತೂ ನಂಬಿಯಣ್ಣನ ಮುನಿದ ನಲ್ಲೆಯನ್ನು ಒಲಿಸಲು ಶಿವನೇ ಸರಿರಾತ್ರಿಯಲ್ಲಿ ಅವಳ ಮನೆಗೆ ಓಡಾಡುತ್ತಾನೆ. ಇದನ್ನೆಲ್ಲ ಕೇಳಿದ ನಾಡಿನವರು ನಾವು.

ವ್ಯತ್ಯಾಸ ಇರುವುದು ಕಾಳಗ ಮುಗಿಯುವ ಬಗೆಯಲ್ಲಿ. ಕಿರಾತ ಕೊನೆಗೆ ತನ್ನ ನಿಜರೂಪ ತೋರಿಸಿ ಪಾಶುಪತಾಸ್ತ್ರ ಕೊಡುತ್ತಾನೆ. ಗಯನಿಗೆ ಜೀವ ಉಳಿಯುತ್ತದೆ. ನಮ್ಮ ದೇವರು ಹೊಡೆದಾಡುವುದು ಮನುಷ್ಯನ ಅಳತೆಯನ್ನು ನೋಡಲು, ನೋಡಿದ ಮೇಲೆ ಏನನ್ನಾದರೂ ಕೈಗಿಡಲು. ಅಲ್ಲಿ ರೈಡೆನ್ ಎಷ್ಟೇ ಚೆನ್ನಾಗಿ ಸೆಣಸಿದರೂ ಕೊನೆಗೆ ಹೊಳೆಯುವ ಪುಡಿಯಾಗಿ ಗಾಳಿಯಲ್ಲಿ ಇಲ್ಲವಾಗುತ್ತಾನೆ. ಶಿವನಿಂದ ಅವನಿಗೆ ಮೆಚ್ಚುಗೆ ಸಿಕ್ಕಿತು, ವರ ಸಿಗಲಿಲ್ಲ.

ಮನವಿಯ ಬಗ್ಗೆ. ನಾನು ಸಹಿ ಹಾಕುವುದಿಲ್ಲ. ಸರಣಿ ಬಿಡುಗಡೆಯಾಗುವ ಮೊದಲೇ, 2021ರಲ್ಲಿ, ಅಮೆರಿಕದ ನೆವಾಡಾದಲ್ಲಿರುವ ಹಿಂದೂ ಮುಖಂಡ ರಾಜನ್ ಜೆಡ್ ಅವರು ಶಿವನ ಚಿತ್ರಣಕ್ಕೆ ಬಹಿರಂಗವಾಗಿ ಆಕ್ಷೇಪ ಎತ್ತಿದ್ದರು. ಬೇರೆ ದೇಶಗಳಲ್ಲಿ ಬಂದಾಗ ಅದು ಭಾರತದಲ್ಲಿ ಬರಲಿಲ್ಲ. ಆದದ್ದೇನು? ಮೈಸೂರಿನಲ್ಲಿರುವ ನನ್ನ ಅಕ್ಕನ ಮಕ್ಕಳು ಶಿವನ ಸುತ್ತನ್ನು ತುಂಡು ತುಂಡು ವಿಡಿಯೊಗಳಲ್ಲಿ ನೋಡಿದ್ದಾರೆ. ಕೈ ಕಿತ್ತುಬರುವ ದೃಶ್ಯ ಗೊತ್ತು, ಗೆಳೆತನದ ಕಥೆ ಗೊತ್ತಿಲ್ಲ. ಅಕ್ಕನಿಗೆ ಅದರ ಹೆಸರೂ ಗೊತ್ತಿರಲಿಲ್ಲ, ಮಾತಾಡುವುದು ಹೇಗೆ?

ಇನ್ನೊಂದು ಹಳೆಯ ಸಂಗತಿಯೂ ಇದೆ. 1983ರಲ್ಲಿ ಯೂಗೊ ಸಾಕೊ ಎಂಬ ಜಪಾನೀ ನಿರ್ದೇಶಕ ಅಲಹಾಬಾದ್ ಬಳಿಯ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಭಾರತಕ್ಕೆ ಬಂದಿದ್ದರು. ಅವರು ರಾಮಾಯಣವನ್ನು ಚಿತ್ರವಾಗಿಸುತ್ತಿದ್ದಾರೆಂಬ ಪತ್ರಿಕಾ ವರದಿಯನ್ನು ನಂಬಿ, ವಿದೇಶಿಯರು ಇದನ್ನು ಮುಟ್ಟಕೂಡದು ಎಂದು ವಿಶ್ವ ಹಿಂದೂ ಪರಿಷತ್ತು ದೆಹಲಿಯ ಜಪಾನ್ ರಾಯಭಾರ ಕಚೇರಿಗೆ ಪ್ರತಿಭಟನೆಯ ಪತ್ರ ಬರೆಯಿತು. ಸಾಕೊ ಹೋಗಿ ಮಾತಾಡಿದರು, ತಿಳಿಯಹೇಳಿದರು. ಮುಂದೆ ರಾಮ್ ಮೋಹನ್ ಅವರಂಥ ಭಾರತೀಯ ಕಲಾವಿದರ ಜೊತೆ ಸೇರಿ ನಿಜವಾಗಿಯೂ ರಾಮಾಯಣದ ಆನಿಮೇಷನ್ ಚಿತ್ರ ಮಾಡಿದರು. 1992ರಲ್ಲಿ ಪೂರ್ತಿಯಾದ ಆ ಚಿತ್ರವನ್ನು ದೂರದರ್ಶನ ಕಾಲದ ಮಕ್ಕಳಾದ ನಮ್ಮಲ್ಲಿ ಎಷ್ಟೋ ಮಂದಿ ಕಣ್ಣು ಮಿಟುಕಿಸದೆ ನೋಡಿದ್ದೇವೆ. 2025ರ ಜನವರಿಯಲ್ಲಿ ಅದು ಭಾರತದ ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡಿತು. ಆ ಪತ್ರಕ್ಕೆ ಹೆದರಿ ಅವರು ಹಿಂದೆ ಸರಿದಿದ್ದರೆ ಆ ಚಿತ್ರ ನಮಗೆ ಸಿಗುತ್ತಿರಲಿಲ್ಲ. ಜಪಾನೀಯರು ಮಾತಿಗೆ ಕಿವಿಗೊಡುವವರು. ದುರ್ಗೆಯನ್ನು ಸುಮ್ಮನೆ ಕೂರಿಸಿದ್ದು ಏಕೆ, ಭಾರತದ ಮನುಷ್ಯ ಎಲ್ಲಿ ಎಂದು ಪ್ರಕಾಶಕರಿಗೆ ಪತ್ರ ಬರೆಯೋಣ ಎಂದರೆ ಜಪಾನೀ ಭಾಷೆಯಲ್ಲಿ ಕರಡು ಮಾಡಿಕೊಡಲು ನಾನು ಸಿದ್ಧ. ನಿಷೇಧಿಸಿ ಎಂಬ ಪತ್ರಕ್ಕೆ ಇಲ್ಲ.

ಶಾಲೆಯಲ್ಲಿ ಗೇಲಿ ಮಾಡುತ್ತಾರೆಂದು ಆತಂಕ ತೋಡಿಕೊಂಡ ಫ್ರಾಂಕ್‌ಫರ್ಟ್‌ನ ಅಕ್ಕನಿಗೆ ಒಂದು ಮಾತು. “ನಿಮ್ಮ ದೇವರ ಕೈ ಮುರಿಯಿತಂತೆ” ಎಂದು ಯಾರಾದರೂ ಕೇಳಿದರೆ, “ಸುತ್ತು ಗೆದ್ದದ್ದು ಯಾರು, ಕೊನೆಯವರೆಗೆ ನೋಡಿದೆಯಾ?” ಎಂದು ತಿರುಗಿ ಕೇಳಲು ನಿಮ್ಮ ಮಗಳಿಗೆ ಬರಬೇಕು. ಅದಕ್ಕೆ ಅವಳಿಗೆ ಆ ಸರಣಿಯೂ ಗೊತ್ತಿರಬೇಕು, ಅದಕ್ಕಿಂತ ಹೆಚ್ಚಾಗಿ ಶಿವನೂ ಗೊತ್ತಿರಬೇಕು. ವಾರಕ್ಕೊಂದು ಕಥೆ ಸಾಕು, ಮಲಗುವ ಮುನ್ನ, ಕನ್ನಡದಲ್ಲಿ. ಹಾಲಾಹಲದಿಂದ ಶುರುಮಾಡಿ. ಉಪದೇಶದ ಬಾಲ ಅಂಟಿಸಬೇಡಿ, ವಿಷ ಕುಡಿದಾಗ ಪಾರ್ವತಿ ಓಡಿಬಂದು ಅವನ ಗಂಟಲನ್ನು ಒತ್ತಿಹಿಡಿದ ಕ್ಷಣವನ್ನು ಚೆನ್ನಾಗಿ ಹೇಳಿ. ಅಲ್ಲಿ ಪಾರ್ವತಿ ಪ್ರೇಕ್ಷಕಳಲ್ಲ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಈ ದೀಪಾವಳಿಗೆ ಕಿರಾತಾರ್ಜುನವನ್ನು ಮಕ್ಕಳಿಂದ ಆಡಿಸಬೇಕೆಂದಿದ್ದೇವೆ. ಮಗ ಕಿರಾತನ ಪಾತ್ರ ತನಗೇ ಬೇಕು ಎಂದು ಹಟ ಹಿಡಿದಿದ್ದಾನೆ, ಮಲ್ಲಯುದ್ಧದ ಪಟ್ಟುಗಳನ್ನು ಸುಮೋ ನೋಡಿ ಜೋಡಿಸುತ್ತಿದ್ದಾನೆ. ನಮ್ಮ ಬಳಿ ಚಂಡೆಯಿಲ್ಲ, ಮದ್ದಳೆ ಇದೆ. ಕಿರಿಯರ ನಾಲಗೆಗೆ ಒಗ್ಗುವ, ಅರ್ಧ ಗಂಟೆಗೆ ಇಳಿಸಿದ ಪ್ರಸಂಗದ ಪಠ್ಯ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ಕರಾವಳಿಯ ಕಡೆಯವರು ಗುಂಪಿನಲ್ಲಿ ಬಹಳ ಮಂದಿ ಇದ್ದೀರಿ. ಶಬರಿಯ ವೇಷದ ಪಾರ್ವತಿಗೂ ನಾಲ್ಕು ಮಾತು, ಒಂದು ಕುಣಿತ ಇರುವ ಪಠ್ಯವಾದರೆ ಇನ್ನೂ ಒಳ್ಳೆಯದು, ಆ ಪಾತ್ರಕ್ಕೆ ಮಗಳು ಹೆಸರು ಕೊಟ್ಟಿದ್ದಾಳೆ.